ಮುಂದಿನ ಸೀಟಿನ ಬೀಗರು

ಮಲಕಪ್ಪನವರು ಕಾರು ಓಡಿಸಿದವರೂ ಅಲ್ಲ, ಕೊಂಡವರೂ ಅಲ್ಲ. ಸೈಕಲ್ಲೇ ಅವರಿಗೆ ನೆಟ್ಟಗೆ ಬರುತ್ತಿರಲಿಲ್ಲ. ಪುಣೆಯ ಶಿವಾಜಿನಗರದ ಕೋರ್ಟಿನ ಮುಂದೆ ಗದ್ದಲ ಕಂಡರೆ ಇಳಿದು ತಳ್ಳಿಕೊಂಡು ಹೋಗುವವರು. ಆದರೂ ಅಲ್ಲಿದ್ದ ನಮ್ಮ ಕಡೆಯ ಜನ ಕಾರು ಕೊಳ್ಳುವ ಮಾತೆತ್ತಿದರೆ ಮೊದಲು ನೆನೆಯುತ್ತಿದ್ದುದು ಅವರನ್ನೇ. ಯಾವ ಗಾಡಿ ಗಟ್ಟಿ, ಯಾವುದು ಗುದ್ದಿದರೆ ಒಳಗಿನವರು ಉಳಿಯುತ್ತಾರೆ ಎಂದು ಅವರನ್ನು ಚಹಾದಂಗಡಿಯಲ್ಲಿ ನಿಲ್ಲಿಸಿ ಕೇಳುತ್ತಿದ್ದರು.

ಕಾರಣ ಇಷ್ಟೇ. ಅವರು ಪರಚುರೆ ಎಂಬ ಸಾಹೇಬರ ಹತ್ತಿರ ಗುಮಾಸ್ತರಾಗಿದ್ದರು. ಅಪಘಾತವಾದ ಗಾಡಿಗಳನ್ನು ನೋಡಿ ನಷ್ಟ ಎಷ್ಟೆಂದು ವಿಮೆಯವರಿಗೆ ವರದಿ ಕೊಡುವುದು ಸಾಹೇಬರ ಕೆಲಸ. ಅಳತೆಯ ಟೇಪಿನ ಇನ್ನೊಂದು ತುದಿ ಹಿಡಿಯುವುದು, ಒಡೆದ ಗಾಜು ಸರಿಸಿ ಸಾಹೇಬರಿಗೆ ದಾರಿ ಮಾಡುವುದು, ಅವರು ಬರೆದದ್ದನ್ನು ನನ್ನ ಟೇಬಲ್ಲಿಗೆ ತಂದುಕೊಡುವುದು ಇವರ ಕೆಲಸ. ನಾನು ಕೋರ್ಟಿನ ಹೊರಗೆ ಮರದ ನೆರಳಿನಲ್ಲಿ ಟೈಪ್ ಮಾಡಿ ಹೊಟ್ಟೆ ಹೊರೆಯುತ್ತಿದ್ದವನು. ಅವರು ಇಂಡಿ ತಾಲೂಕಿನವರು, ನಾನು ಸಿಂದಗಿಯವನು. ಉಳಿದವರ ಮುಂದೆ ಇಬ್ಬರೂ ಮರಾಠಿ ಆಡುತ್ತಿದ್ದೆವು, ಚಹಾ ಬಂದ ಮೇಲೆ ಕನ್ನಡಕ್ಕೆ ಬರುತ್ತಿದ್ದೆವು.

ಸಾಹೇಬರು ಗಾಡಿಯ ಹೊರಗೆ ನೋಡುತ್ತಿದ್ದರು; ತಗಡಿನ ಪತ್ರಾ ಎಷ್ಟು ಹೋಗಿದೆ, ರೇಡಿಯೇಟರ್ ಉಳಿದಿದೆಯೋ ಇಲ್ಲವೋ. ಮಲಕಪ್ಪನವರು ಒಳಗೆ ಬಗ್ಗಿ ಸೀಟುಗಳನ್ನು ನೋಡುತ್ತಿದ್ದರು. ಒಂದು ಚೂರು ಬಳೆ, ಒಂದು ಚಪ್ಪಲಿ, ಮುಚ್ಚಳ ಬಿಚ್ಚಿದ ಊಟದ ಡಬ್ಬಿ. ಆಮೇಲೆ ಹತ್ತಿರ ನಿಂತ ಪೊಲೀಸರನ್ನು ಮೆಲ್ಲಗೆ ಕೇಳುವರು: ಯಾರು ಎಲ್ಲಿ ಕೂತಿದ್ದರು, ಯಾರು ಉಳಿದರು? ಇದನ್ನು ಕೇಳೆಂದು ಅವರಿಗೆ ಯಾರೂ ಹೇಳಿರಲಿಲ್ಲ, ಕೇಳಿದ್ದಕ್ಕೆ ಯಾರೂ ಸಂಬಳ ಕೊಡುತ್ತಿರಲಿಲ್ಲ. ಬೇಡದ್ದನ್ನು ತಲೆಯೊಳಗೆ ತುಂಬಿಕೊಳ್ಳುವ ಚಟ ಅದು ಎಂದು ನಾನು ಎಷ್ಟೋ ಸಲ ಬೈದಿದ್ದೇನೆ.

ಸಾಹೇಬರಿಗೆ ಎಲ್ಲಿಂದಲೋ ಒಂದು ವಿಲಾಯತಿ ಪತ್ರಿಕೆ ಬರುತ್ತಿತ್ತು. ಒಂದು ಸಲ ಅದರಲ್ಲಿ ಸಂಸಾರಸ್ಥರು ಕೊಳ್ಳುವಂಥ ಸಾಧಾರಣ ಅಳತೆಯ ಕಾರುಗಳನ್ನು ಬೇಕೆಂದೇ ಗೋಡೆಗೆ ಗುದ್ದಿಸಿದ ಚಿತ್ರಗಳಿದ್ದವು. ಒಳಗೆ ಮನುಷ್ಯರ ಎತ್ತರದ ಗೊಂಬೆಗಳನ್ನು ಎದೆಗೆ ಪಟ್ಟಿ ಬಿಗಿದು ಕೂಡಿಸಿದ್ದರು. ಯಾವ ಕಾರಿನ ಗೊಂಬೆಗೆ ಎಷ್ಟು ಪೆಟ್ಟಾಯಿತು ಎಂದು ಒಂದರ ಪಕ್ಕ ಒಂದಿಟ್ಟು ಹೋಲಿಸಿ ಬರೆದಿದ್ದರು. ಮಲಕಪ್ಪನವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ, ಹಾಗಾಗಿ ನನ್ನಿಂದ ಓದಿಸಿದರು. ಮೂತಿ ಮುದ್ದೆಯಾದ ಕಾರಿನ ಗೊಂಬೆ ಉಳಿದಿತ್ತು, ಮೂತಿ ಗಟ್ಟಿಯಿದ್ದ ಕಾರಿನ ಗೊಂಬೆಯ ತಲೆ ಒಡೆದಿತ್ತು. ಇದು ಹೇಗೆ ಎಂದು ನಾನು ನಕ್ಕೆ. ಅವರು ನಗಲಿಲ್ಲ. ಮುಂಬಯಿ ದಾರಿಯ ಘಾಟಿನಲ್ಲಿ ತಾವು ನೋಡಿದ್ದೂ ಹಾಗೇ ಇದೆ ಅಂದರು. ಗೊಂಬೆಗಳನ್ನು ಯಾಕೆ ಕೂಡಿಸಿದ್ದಾರೆ ಎಂದು ಕೇಳಿದರು. ಮನುಷ್ಯರು ಸಾಯಬಾರದು ಅಂತ ಎಂದೆ. ಪತ್ರಿಕೆ ಮಡಚಿ ಬಗಲಲ್ಲಿ ಇಟ್ಟುಕೊಂಡು, "ನಮ್ಮಲ್ಲಿ ಗೊಂಬಿ ಇಲ್ಲ ನೋಡ್ರಿ" ಅಂದರು.

ಅವರಿಗೆ ಒಬ್ಬಳೇ ಮಗಳು, ಗೌರಾ. ಎಂಬತ್ತೊಂದರಲ್ಲಿ ಅವಳನ್ನು ಮಾರ್ಕೆಟ್ ಯಾರ್ಡಿನ ಹೊಳಬಸಪ್ಪನವರ ಮನೆಗೆ ಕೊಟ್ಟರು. ಹೊಳಬಸಪ್ಪನವರದು ಉಳ್ಳಾಗಡ್ಡಿ, ಬಟಾಟೆಯ ದಲಾಲಿ ಅಂಗಡಿ. ಆಳು ದೊಡ್ಡವರು, ದನಿ ಅದಕ್ಕಿಂತ ದೊಡ್ಡದು, ಮನಸ್ಸು ಕೆಟ್ಟದ್ದಲ್ಲ. ಮಗ ಗುರಣ್ಣ ತಂದೆಯ ಮಾತಿಗೆ ತಲೆಯಾಡಿಸಿಕೊಂಡು ಬೆಳೆದವನು. ಗುಮಾಸ್ತನ ಮಗಳನ್ನು ತಂದುಕೊಂಡರು, ವರದಕ್ಷಿಣೆಯ ಸೊಲ್ಲೆತ್ತಲಿಲ್ಲ ಎಂದು ಯಾರ್ಡಿನ ಜನ ಹೊಗಳುತ್ತಿದ್ದರು. ಮಲಕಪ್ಪನವರು ಆ ಹೊಗಳಿಕೆಯ ಭಾರಕ್ಕೇ ಅರ್ಧ ಬಗ್ಗಿಹೋಗಿದ್ದರು.

ಎರಡು ವರ್ಷದಲ್ಲಿ ಗೌರಾಳಿಗೆ ಗಂಡು ಹುಟ್ಟಿತು. ಹೊಳಬಸಪ್ಪನವರು ಕೂಸಿಗೆ ತಮ್ಮ ತಂದೆಯ ಹೆಸರು, ರಾಮಲಿಂಗಪ್ಪ ಎಂದಿಟ್ಟರು. ಎಲ್ಲರ ಬಾಯಲ್ಲಿ ಅದು ಲಿಂಗು ಆಯಿತು. ಮೊಮ್ಮಗ ಬಂದ ಮೇಲೆ ಮನೆಗೆ ಕಾರು ಬೇಡವೇ? ಅಂಬಾಸಿಡರೋ, ಫಿಯಾಟೋ, ಹೊಸದಾಗಿ ಹೆಸರು ಕೇಳಿಬರುತ್ತಿದ್ದ ಸಣ್ಣ ಮಾರುತಿಯೋ ಎಂದು ಅಂಗಡಿಯ ಗಾದಿಯ ಮೇಲೆ ದಿನವೂ ಪಂಚಾಯ್ತಿ ನಡೆಯಿತು. ಹೊಳಬಸಪ್ಪನವರು ಕಾರನ್ನೂ ಉಳ್ಳಾಗಡ್ಡಿಯ ಹಾಗೆ ಹೆಬ್ಬೆರಳಿನಿಂದ ಒತ್ತಿ ನೋಡುವವರು. ಮೆತ್ತಗೆ ಕಂಡರೆ ಮುಖ ತಿರುಗಿಸುವರು. ಕೊನೆಗೆ ಬೀಗರನ್ನು ಕರೆಸಿದರು. ಅಂದು ಮಲಕಪ್ಪನವರ ಜೊತೆ ನಾನೂ ಹೋಗಿದ್ದೆ.

"ಬೀಗರ, ಘಾಟಿನ್ಯಾಗ ನೀವು ನೋಡಿದ್ದರೊಳಗ ಯಾವ ಗಾಡಿ ಕಡಿಮಿ ಮುರದದ, ಅಷ್ಟ ಹೇಳ್ರಿ" ಎಂದು ಕೇಳಿದರು.

ಮಲಕಪ್ಪನವರು ಟೊಪ್ಪಿಗೆ ಸರಿಮಾಡಿಕೊಂಡರು. "ಗಾಡಿ ಯಾವದರೆ ಇರ್ಲ್ರಿ. ಡ್ರೈವರನ ಬಾಜೂಕ ಕೂತವರು ಭಾಳ ಹೋಗ್ಯಾರ್ರಿ. ಸಣ್ಣ ಕೂಸು ಎತ್ತಿಕೊಂಡವರು ಹಿಂದ ಕೂತ್ರ ಚಲೋ" ಅಂದರು.

ಹಾಗಾದರೆ ಮುಂದಿನ ಸೀಟೇ ಇಲ್ಲದ ಗಾಡಿ ಯಾರು ಮಾಡುತ್ತಾರೆ ವಿಚಾರಿಸಿ, ಅದನ್ನೇ ಬುಕ್ ಮಾಡೋಣ ಎಂದು ಹೊಳಬಸಪ್ಪನವರು ನಕ್ಕರು. ಚೀಲ ಹೊರುತ್ತಿದ್ದ ಹಮಾಲರೂ ನಕ್ಕರು. ಮೂತಿ ಮುದ್ದೆಯಾಗುವ ಕಾರಿನ ಸುದ್ದಿಯನ್ನು ಮಲಕಪ್ಪನವರು ತೊದಲುತ್ತ ಹೇಳಿದ್ದಕ್ಕೆ, ಮುದ್ದೆಯಾಗಲಿ ಎಂದು ಯಾರಾದರೂ ರೊಕ್ಕ ಕೊಡುತ್ತಾರೆಯೇ ಎಂದು ಮತ್ತೊಮ್ಮೆ ನಗೆ. ನಕ್ಕವರ ತಪ್ಪೇನೂ ಇಲ್ಲ. ಕೇಳಿದ್ದು ಒಂದು, ಇವರು ಹೇಳಿದ್ದು ಇನ್ನೊಂದು. ಕೇಳಿದ್ದಕ್ಕೆ ಒಂದು ಹೆಸರು ಹೇಳಿ ಚಹಾ ಕುಡಿದು ಬರುವುದು ಬಿಟ್ಟು ಇದೆಲ್ಲ ಯಾಕೆ ಬೇಕಿತ್ತು ಎಂದು ದಾರಿಯಲ್ಲಿ ನಾನೂ ರೇಗಿದೆ.

ಕಡೆಗೆ ಬಂದದ್ದು ಒಬ್ಬರು ಚೆನ್ನಾಗಿ ಇಟ್ಟುಕೊಂಡಿದ್ದ ಬಿಳಿ ಅಂಬಾಸಿಡರ್. ಹೊಳಬಸಪ್ಪನವರು ಮುಂದಿನ ಉದ್ದ ಸೀಟು ತೆಗೆಸಿ ಎರಡು ಬೇರೆ ಬೇರೆ ಸೀಟು ಹಾಕಿಸಿದರು. ಮೇಲೆ ಕೆಂಪು ರೆಕ್ಸಿನ್, ಅದರ ಮೇಲೆ ಬಿಳಿ ಟವೆಲು. ಧಣಿಗಳು ಹಿಂದೆ ಕೂಡುವುದು ಯಾರ್ಡಿನ ರೀತಿ, ಹಾಗಾಗಿ ಅವರು ಹೆಂಡತಿ ತಿಪ್ಪವ್ವನೊಂದಿಗೆ ಹಿಂದೆಯೇ ಕೂಡುವರು. ಗುರಣ್ಣ ಓಡಿಸುವನು. ಅವನ ಪಕ್ಕದ ಸೀಟು ಮರ್ಯಾದೆಯದು. ಮೊಮ್ಮಗ ತಾಯಿಯ ತೊಡೆಯ ಮೇಲೆ ಅಲ್ಲಿ ಕೂಡಬೇಕು, ಇಡೀ ಯಾರ್ಡು ಅವನನ್ನು ನೋಡಬೇಕು.

ಗಾಡಿಯ ಪೂಜೆಯ ದಿನ ಗಾಲಿಗೆ ಲಿಂಬೆಹಣ್ಣು ಇಟ್ಟು, ಕಾಯಿ ಒಡೆದು, ಗೌರಾಳ ಕೊರಳಿಗೂ ಕೂಸಿನ ಕೊರಳಿಗೂ ಮಾಲೆ ಹಾಕಿ ಮುಂದೆ ಕೂಡಿಸಿದರು. ಮಲಕಪ್ಪನವರು ಕಿಟಕಿಯ ಹತ್ತಿರ ಹೋಗಿ, ಹಿಂದೆ ಕೂಡು ಎಂದು ಮಗಳ ಕಿವಿಯಲ್ಲಿ ಹೇಳಿದರು. ಅದು ತಿಪ್ಪವ್ವನಿಗೆ ಕೇಳಿಸಿತು. ಯಾಕೆ ಎಂದು ಕೇಳಿದಳು. ಸುಳ್ಳು ಹೇಳಲು ಬಾರದ ಮನುಷ್ಯ, ಬ್ರೇಕು ಹಾಕಿದರೆ ಕೂಸು ಗಾಜಿಗೆ ಹೋಗುತ್ತದೆ ಎಂದುಬಿಟ್ಟರು. ಪೂಜೆಯ ದಿನ, ಅರಿಷಿಣ ಕುಂಕುಮದ ಎದುರಿಗೆ! ಯಾರೂ ಜಗಳ ಮಾಡಲಿಲ್ಲ. ಆ ವರ್ಷ ನಾಗರಪಂಚಮಿ ಹಬ್ಬಕ್ಕೆ ಗೌರಾ ತವರಿಗೆ ಬರಲಿಲ್ಲ, ಅಷ್ಟೇ. ಕೂಸಿಗೆ ನೆಗಡಿ ಎಂದು ಹೇಳಿ ಕಳಿಸಿದರು. ಮಲಕಪ್ಪನವರ ಹೆಂಡತಿ ಚನ್ನಬಸವ್ವ ಮಗಳಿಗೆಂದು ಕಟ್ಟಿದ ಉಂಡಿಗಳನ್ನು ನಮ್ಮ ಮನೆಗೆ ಕೊಟ್ಟರು.

ಹೆಣ್ಣು ಕೊಟ್ಟವನಿಗೆ ಬೀಗರ ಮನೆಯಲ್ಲಿ ಬಾಯಿ ಇರುವುದಿಲ್ಲ. ಒಂದು ಸಲ ತೆರೆದದ್ದಕ್ಕೆ ಹಬ್ಬ ಹೋಯಿತು, ಇನ್ನೊಂದು ಸಲ ತೆರೆದರೆ ಮಗಳೇ ಹೋದಾಳು ಎಂಬ ಭಯ ಅವರಿಗೆ ಹೊಕ್ಕಿತು. ಆದರೆ ದಾರಿಯೊಂದು ತಾನಾಗಿ ಸಿಕ್ಕಿತು. ಹಡಪಸರದಲ್ಲಿ ಯಾರದೋ ಮನೆಯ ಶಾಂತಿಗೆ ಹೊರಟಾಗ ಹೊಳಬಸಪ್ಪನವರು ದೊಡ್ಡತನದಿಂದ, ಬೀಗರು ಮುಂದೆ ಕೂಡಲಿ ಎಂದರು. ಮಲಕಪ್ಪನವರು ಕೂತರು. ಗೌರಾ ಕೂಸನ್ನು ಎತ್ತಿಕೊಂಡು ಹಿಂದೆ ಹೋದಳು. ಅಷ್ಟು ಸುಲಭ. ಅವರು ಕೂತರೆ ಆ ಸೀಟು ತುಂಬುತ್ತದೆ.

ಅಂದಿನಿಂದ ನಮ್ಮ ಮಲಕಪ್ಪನವರು ಬೇರೆ ಮನುಷ್ಯರಾದರು. ಕರೆಯದೆ ಯಾರ ಮನೆಯ ಹೊಸ್ತಿಲೂ ತುಳಿಯದವರು, ಕಾರು ಎಲ್ಲಿಗೆ ಹೊರಟರೂ ಅಲ್ಲಿ ಹಾಜರು. ಆಳಂದಿಗೋ, ಸೊಲ್ಲಾಪುರದ ಮದುವೆಗೋ, ಬರಿಯ ಕಬ್ಬಿನ ಹಾಲು ಕುಡಿಯಲೋ. ಗೌರಾ ನಮ್ಮಿಬ್ಬರ ಮನೆಯೂ ಇದ್ದ ವಠಾರದ ಕೆಳಗಿನ ಕಿರಾಣಿ ಅಂಗಡಿಗೆ ಫೋನ್ ಮಾಡಿ, ನಾಳೆ ಹೊರಟಿದ್ದೇವೆ, ಅಪ್ಪಾಗ ಹೇಳ್ರಿ ಎನ್ನುತ್ತಿದ್ದಳು. ತಂದೆ ಮಗಳು ಈ ವಿಷಯ ಬಾಯಿಬಿಟ್ಟು ಆಡಿದ್ದು ಒಂದು ದಿನವೂ ಇಲ್ಲವಂತೆ. ಇವರು ಸಾಹೇಬರ ಹತ್ತಿರ ಹೊಟ್ಟೆನೋವೆಂದು ರಜೆ ಕೇಳುವರು, ತಲೆಗೆ ಜರಿ ಅಂಚಿನ ಹಳದಿ ರುಮಾಲು ಸುತ್ತಿ, ಯಾರೂ ಹೇಳುವ ಮೊದಲೇ ಹೋಗಿ ಮುಂದಿನ ಬಾಗಿಲು ತೆಗೆದು ಕೂತುಬಿಡುವರು.

ಯಾರ್ಡಿನಲ್ಲಿ ಅವರಿಗೆ ಮುಂದಿನ ಸೀಟಿನ ಬೀಗರು ಎಂದು ಹೆಸರು ಬಿತ್ತು. ಗುಮಾಸ್ತನಿಗೆ ಕಾರಿನ ಹುಚ್ಚು ಹಿಡಿದಿದೆ, ಮಗಳನ್ನು ಕೊಟ್ಟದ್ದೇ ಸೀಟಿಗಾಗಿ ಎಂದು ಆಡಿಕೊಂಡರು. ಚನ್ನಬಸವ್ವ ನಾಚಿಕೆಯಿಂದ ನಮ್ಮ ಕನ್ನಡಿಗರ ಸಂಘದ ಅರಿಷಿಣ ಕುಂಕುಮಕ್ಕೆ ಹೋಗುವುದನ್ನೇ ಬಿಟ್ಟರು. ನನಗೆ ನಗಬೇಕೋ ಅಳಬೇಕೋ ತಿಳಿಯುತ್ತಿರಲಿಲ್ಲ. ಕಾರಿನ ಹುಚ್ಚಂತೆ! ಆ ಸೀಟಿನಲ್ಲಿ ಅವರು ಕೂಡುವುದನ್ನು ನಾನು ಒಮ್ಮೆ ನೋಡಿದ್ದೇನೆ. ಎರಡೂ ಕೈ ಎದುರಿನ ಹಲಗೆಗೆ ಊರಿ, ಕಾಲುಗಳನ್ನು ಕೆಳಗೆ ಒತ್ತಿ, ಹಲ್ಲು ಕಚ್ಚಿ ಕೂಡುವರು. ಮಾವನವರೇ, ಬ್ರೇಕು ನನ್ನ ಕಡೆ ಇದೆ ಎಂದು ಗುರಣ್ಣ ಚೇಷ್ಟೆ ಮಾಡುತ್ತಿದ್ದನು. ಘಾಟಿನಲ್ಲಿ ಅಂಥ ಸೀಟಿನಲ್ಲಿ ಕೂತು ಯಾರು ಯಾರು ಹೋದರು ಎಂದು ಅವರಿಗೆ ಒಬ್ಬೊಬ್ಬರಾಗಿ ಗೊತ್ತಿತ್ತು. ಗೊತ್ತಿದ್ದೂ ಹೋಗಿ ಕೂಡುತ್ತಿದ್ದರು.

ಎಂಬತ್ತೈದರ ಚಳಿಗಾಲದಲ್ಲಿ ಹೊಳಬಸಪ್ಪನವರ ತಮ್ಮನ ಮಗಳ ಮದುವೆ ಮುಂಬಯಿಯಲ್ಲಿ ಗೊತ್ತಾಯಿತು. ಎಂದರೆ ಘಾಟು ಇಳಿಯಬೇಕು. ಚನ್ನಬಸವ್ವ ಬರಲೊಲ್ಲೆನೆಂದರು. ಮುಂದೆ ಗುರಣ್ಣ ಮತ್ತು ಮಲಕಪ್ಪನವರು, ಹಿಂದೆ ಹೊಳಬಸಪ್ಪನವರು, ತಿಪ್ಪವ್ವ, ಕೂಸಿನೊಂದಿಗೆ ಗೌರಾ. ಮುಂಜಾನೆ ಹೊರಟು ಲೋಣಾವಳೆಯಲ್ಲಿ ಚಹಾಕ್ಕೆ ನಿಂತರು. ಎಲ್ಲರಿಗೂ ಚಿಕ್ಕಿ ಕೊಡಿಸಿದ್ದು ಹೊಳಬಸಪ್ಪನವರು.

ಮುಂದಿನದನ್ನು ಮಲಕಪ್ಪನವರೇ ನನಗೆ ಹೇಳಿದ್ದು. ಲಿಂಗು ಆಗ ಓಡಾಡುವ ಮಗು. ಪ್ರತಿ ಸಲ ಕಾರಿನಲ್ಲಿ ಬರುವ ಅಜ್ಜನೆಂದರೆ ಅವನಿಗೆ ಜೀವ. ಕಾರು ಹೊರಡುವ ಹೊತ್ತಿಗೆ ಅಜ್ಜನ ತೊಡೆಯೇ ಬೇಕೆಂದು ಹಟ ಹಿಡಿದು ಕಿರುಚಿದ. ಹೊಳಬಸಪ್ಪನವರು ಅವನನ್ನು ಎತ್ತಿ ಕಿಟಕಿಯೊಳಗಿಂದ ಮಲಕಪ್ಪನವರ ತೊಡೆಗೆ ಹಾಕಿದರು. ಹಿಂದೆಯೇ ಇರಲಿ ಎಂದು ಇವರು ಅಂದದ್ದಕ್ಕೆ, ಮೊಮ್ಮಗನನ್ನು ಒಲ್ಲೆ ಅನ್ನುತ್ತೀರೇನು ಎಂದು ಕೇಳಿದರು. ಕೂಸು ಎರಡೂ ಕೈಯಿಂದ ಅಜ್ಜನ ಅಂಗಿ ಹಿಡಿದಿತ್ತು.

ಯಾವ ಸೀಟಿನಿಂದ ಆ ಕೂಸನ್ನು ದೂರ ಇಡಬೇಕೆಂದು ಅವರು ಇಷ್ಟು ದಿನ ಮಾನ ಕಳೆದುಕೊಂಡಿದ್ದರೋ, ಅವರಿಗಾಗಿಯೇ ಅದು ಆ ಸೀಟಿಗೆ ಬಂದಿತ್ತು. ಕೂಸನ್ನು ಎತ್ತಿಕೊಂಡು ತಾವೇ ಹಿಂದೆ ಹೋದರೆ? ಹಿಂದಿನಿಂದ ಒಬ್ಬರು ಮುಂದೆ ಬರಬೇಕು. ಅತ್ತೆ ಮಾವ ಬರುವವರಲ್ಲ, ಬರುವವಳು ಗೌರಾ. ಮಗಳೋ ಮೊಮ್ಮಗನೋ ಎಂದು ಆರಿಸಬೇಕಾಗಿತ್ತು. ಸ್ವಲ್ಪ ದೂರದಲ್ಲೇ ಘಾಟು ಬಾಯಿ ತೆರೆದು ಕೂತಿತ್ತು.

ಆಗ ಅವರಿಗೆ ಆ ವಿಲಾಯತಿ ಚಿತ್ರದಲ್ಲಿ ಗೊಂಬೆಯ ಎದೆಗೆ ಬಿಗಿದಿದ್ದ ಪಟ್ಟಿ ಕಣ್ಣಿಗೆ ಬಂತಂತೆ. ಕೈ ತಾನಾಗಿ ತಲೆಗೆ ಹೋಯಿತು. ರುಮಾಲು ಬಿಚ್ಚಿದರು. ಒಂದು ಸುತ್ತು ಕೂಸಿಗೂ ತಮಗೂ ಸೇರಿಸಿ ಹಾಕಿ, ತುದಿಯನ್ನು ಸೀಟಿನ ಬೆನ್ನ ಹಿಂದೆ ಗೌರಾಳಿಗೆ ಕೊಟ್ಟರು. ಅವಳು ಹಿಡಿದು ಇನ್ನೊಂದು ಬದಿಯಿಂದ ಮುಂದೆ ಕೊಟ್ಟಳು. ಎದೆಯ ಮೇಲೆ ಎಳೆದು ಗಂಟು ಹಾಕಿದರು. ಕೂಸಿಗೆ ಇದೊಂದು ಆಟವೆನಿಸಿ ನಕ್ಕಿತು.

ಕೂಗಿದ್ದು ತಿಪ್ಪವ್ವ. ಆ ಕೂಗು ಕೇಳಿದ ಮೇಲೆಯೇ ತಾವು ಮಾಡಿದ್ದೇನೆಂದು ಮಲಕಪ್ಪನವರಿಗೆ ಕಂಡದ್ದು. ನಮ್ಮಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಕೂಡಿಸುತ್ತೇವೆ. ಕೊರಳು ವಾಲಬಾರದೆಂದು ಬಟ್ಟೆಯಿಂದ ಕುರ್ಚಿಗೆ ಕಟ್ಟಿ, ಮೆರೆಸಿಕೊಂಡು ಮಣ್ಣಿಗೆ ಒಯ್ಯುತ್ತೇವೆ. ಮುಂದೆ ನಡೆಯುವವನು ರುಮಾಲು ತೆಗೆದು ಬರಿತಲೆಯಲ್ಲಿ ನಡೆಯುತ್ತಾನೆ. ಈಗ ಮದುವೆಗೆ ಹೊರಟ ಕಾರಿನಲ್ಲಿ, ಬೀಗರ ಎದುರಿಗೆ, ಬರಿತಲೆಯ ಮುದುಕನೊಬ್ಬ ಮನೆತನದ ಒಂದೇ ಮೊಮ್ಮಗನನ್ನು ಕೂಡಿಸಿ ಕಟ್ಟಿದ್ದ.

ಗಂಟು ಬಿಚ್ಚಲು ಅವರ ಕೈ ಬರಲಿಲ್ಲ. ಗುರಣ್ಣನೇ ಬಿಚ್ಚಿದ. ಹೊಳಬಸಪ್ಪನವರು ಕೆಳಗಿಳಿದು ಬಂದರು. ಬೈಯುತ್ತಾರೆ ಎಂದುಕೊಂಡರೆ ಆ ದೊಡ್ಡ ದನಿ ಎಲ್ಲಿ ಹೋಗಿತ್ತೋ. "ಬೀಗರ, ನಮ್ಮಲ್ಲಿ ಕೂಡಿಸಿ ಕಟ್ಟೂದು ಯಾರನ್ನ, ನಿಮಗ ಗೊತ್ತದ. ನಾ ಏನೂ ಅನ್ನೂದಿಲ್ಲ. ನೀವು ಲೋಕಲ್ ಹಿಡದು ಮನಿಗೆ ಹೋಗ್ರಿ" ಅಂದರು. ಅವರ ಕಣ್ಣಲ್ಲಿ ನೀರಿತ್ತಂತೆ. ಬೈದಿದ್ದರೆ ಒಂದು ಮಾತಾದರೂ ಆಡುತ್ತಿದ್ದೆ ಎಂದು ಮಲಕಪ್ಪನವರು ನನ್ನ ಮುಂದೆ ಹಲುಬಿದರು.

ಇಳಿದು ನಿಂತರು. ಹಿಂದೆ ಗೌರಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದಳು. ಹೊಳಬಸಪ್ಪನವರು ಕೆಟ್ಟವರಲ್ಲ ಎಂದೆನಲ್ಲ. ತಂದೆಗೆ ಆದ ಅವಮಾನಕ್ಕೆ ಮಗಳನ್ನಾದರೂ ಸಮಾಧಾನ ಮಾಡಬೇಕೆಂದು ಅವರಿಗೆ ಅನಿಸಿತು. ಹಿಂದಿನ ಬಾಗಿಲು ತೆಗೆದರು.

"ಅಳಬ್ಯಾಡವಾ ಗೌರವ್ವ. ಬಾ, ನಿಮ್ಮಪ್ಪನ ಜಾಗಾದಾಗ ನೀ ಕೂಡು. ಕೂಸಿಗೂ ಗಾಳಿ ಬರ್ತದ."

ಅವಳು ತಂದೆಯ ಮುಖ ನೋಡಿದಳು. ಏನಾದರೂ ಹೇಳುತ್ತಾರೋ ಎಂದು ನೋಡಿದಳು. ಏನು ಹೇಳುವುದು? ಅವರು ಬಿಚ್ಚಿದ ರುಮಾಲನ್ನು ಕೈಯಲ್ಲಿ ಹಿಡಿದು ನಿಂತಿದ್ದರು. ಗೌರಾ ಮುಂದೆ ಬಂದು ಕೂತು ಲಿಂಗುವನ್ನು ತೊಡೆಯ ಮೇಲೆ ಎಳೆದುಕೊಂಡಳು. ಹೊಳಬಸಪ್ಪನವರು ತಾವೇ ಬಾಗಿಲು ಹಾಕಿದರು. ಗುರಣ್ಣನಿಗೆ ಸಾವಕಾಶ ಹೋಗ್ರಿ ಎಂದಷ್ಟು ಹೇಳಲು ಇವರಿಗೆ ಸಾಧ್ಯವಾಯಿತು. ಅವನು ತಲೆಯಾಡಿಸಿ ಕಾರು ಚಾಲೂ ಮಾಡಿದ.

ಕಾರಿನವರು ಮಧ್ಯಾಹ್ನದೊಳಗೆ ಮುಂಬಯಿಗೆ ಸುಖವಾಗಿ ಮುಟ್ಟಿದರು, ಮದುವೆ ಉಂಡರು, ಸುಖವಾಗಿ ಮರಳಿದರು. ಆ ಕಾರಿಗೆ ಮುಂದೆಯೂ ಒಂದು ಗೀರು ಬೀಳಲಿಲ್ಲ. ಮಲಕಪ್ಪನ ಹುಚ್ಚು ಎಂದು ನಗುವವರಿಗೆ ಅದೇ ದೊಡ್ಡ ಸಾಕ್ಷಿಯಾಯಿತು. ಇದೆಲ್ಲ ನಾನು ಈಗ ಕೂತು ಹೇಳಬಹುದು. ಆ ಹೊತ್ತಿನಲ್ಲಿ ಲೋಣಾವಳೆಯ ರಸ್ತೆಯ ಮೇಲೆ ನಿಂತವರಿಗೆ ಯಾರು ಹೇಳಬೇಕು?

ಮಲಕಪ್ಪನವರು ಸ್ಟೇಷನ್ನಿಗೆ ಹೋಗಲಿಲ್ಲ. ಕಾರು ಹೋದ ದಿಕ್ಕಿಗೇ ನಡೆದರು. ಖಂಡಾಳೆಯಲ್ಲಿ, ಘಾಟು ಶುರುವಾಗುವ ಕಡೆ ಪೊಲೀಸ್ ಚೌಕಿಯ ಪಕ್ಕದ ಬಯಲಿನಲ್ಲಿ, ಕೆಳಗೆ ಮುರಿದುಬಿದ್ದ ಗಾಡಿಗಳನ್ನು ಎಳೆತಂದು ನಿಲ್ಲಿಸುತ್ತಿದ್ದರು. ಸಾಹೇಬರೊಂದಿಗೆ ಎಷ್ಟೋ ಸಲ ಬಂದ ಜಾಗ. ಅಲ್ಲಿ ಒಂದು ಕಲ್ಲಿನ ಮೇಲೆ ಕೂತರು. ಮೇಲೆ ಬರುವ ಪ್ರತಿ ಲಾರಿಯ ಹಾರ್ನು ಕೇಳಿದಾಗ ಎದ್ದು, ಅದರ ಹಿಂದೆ ಏನನ್ನಾದರೂ ಕಟ್ಟಿ ಎಳೆದು ತರುತ್ತಿದ್ದಾರೆಯೇ ಎಂದು ನೋಡಿ, ಮತ್ತೆ ಕೂಡುತ್ತಿದ್ದರು. ಊಟ ಮಾಡಲಿಲ್ಲ. ರುಮಾಲನ್ನು ಮತ್ತೆ ಸುತ್ತಿಕೊಳ್ಳಲೂ ಇಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಪರಿಚಯದ ಹವಾಲ್ದಾರನೊಬ್ಬ ಪಾಳಿಗೆ ಬಂದ. ಗುಮಾಸ್ತರು ಒಬ್ಬರೇ ಕೂತಿದ್ದಾರೆ, ಸಾಹೇಬರು ಕಾಣುವುದಿಲ್ಲ. ಇಂದು ಯಾವ ಗಾಡಿ ನೋಡಲು ಬಂದಿರಿ ಎಂದು ಮರಾಠಿಯಲ್ಲಿ ಕೇಳಿದ.

ಮಲಕಪ್ಪನವರು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. ಅದು ಇನ್ನೂ ಬಂದಿಲ್ಲ ಎಂದರು.